ಲ್ಯಾಪ್‌ಟಾಪಿನ ಪಾಲುಪಟ್ಟಿ

ನಮ್ಮ ಮಾವನವರಿಗೆ ಕಿವಿ ಮಂದ. ಊಟಕ್ಕೆ ಮೂರು ಸಲ ಕೂಗಬೇಕು, ಮಾತ್ರೆಗೆ ನಾಲ್ಕು ಸಲ. ಆದರೆ 'ಪಾರ್ಟಿಷನ್' ಅನ್ನುವ ಶಬ್ದವೊಂದನ್ನು ಹಿತ್ತಲ ಬಚ್ಚಲಿನಲ್ಲಿ ಪಿಸುಗುಟ್ಟಿದರೂ ಅವರಿಗೆ ಜಗಲಿಯಲ್ಲಿ ಕೇಳಿಸುತ್ತದೆ. 36 ವರ್ಷ ಸರ್ವೇಯರ್ ಆಗಿ ಮಲೆನಾಡಿನ ಗದ್ದೆ, ತೋಟ, ಸೊಪ್ಪಿನಬೆಟ್ಟಗಳಲ್ಲಿ ಸರಪಳಿ ಎಳೆದವರು. ಅಣ್ಣತಮ್ಮಂದಿರು ಗೇಣು ಬದುವಿಗೆ ಕತ್ತಿ ಹಿರಿದು ನಿಂತ ಕಡೆ ನಡುವೆ ನುಗ್ಗಿ ಕಲ್ಲು ನೆಟ್ಟು, ಇಬ್ಬರ ಮನೆಯಲ್ಲೂ ಕಾಫಿ ಕುಡಿದು ಬಂದವರು.

ಹೀಗಾಗಿ 2025ರ ಆಷಾಢದ ಒಂದು ಬೆಳಿಗ್ಗೆ ನಾನು ಫೋನಿನಲ್ಲಿ ಅಣ್ಣನ ಮಗನಿಗೆ "ಹಾಗಾದ್ರೆ ಪಾರ್ಟಿಷನ್ ಮಾಡೇಬಿಡೋಣ ಅಂತೀಯಾ?" ಅಂದದ್ದೇ ತಡ, 88ರ ಮುದುಕರು ಊರುಗೋಲನ್ನೂ ಮರೆತು ನಡುಮನೆಗೆ ಬಂದುಬಿಟ್ಟರು.

"ಅಳಿಯಂದಿರೇ, ಆಷಾಢದಲ್ಲಿ ಯಾರಾದ್ರೂ ಹಿಸ್ಸೆ ಮಾಡ್ತಾರಾ? ನಿಮ್ಮಣ್ಣನಿಗೂ ನಿಮಗೂ ಏನು ಬಂತು?"

"ಏನೂ ಬಂದಿಲ್ಲ ಮಾವ. ಇದು ಲ್ಯಾಪ್‌ಟಾಪಿಂದು."

"ಅದನ್ನ ಹೇಗೆ ಕುಯ್ತೀರಿ?"

"ಕುಯ್ಯೋದಲ್ಲ. ಒಳಗಿರೋ ಡಿಸ್ಕನ್ನ ಎರಡು ಪಾಲು ಮಾಡೋದು. ಒಂದರಲ್ಲಿ ವಿಂಡೋಸು, ಇನ್ನೊಂದರಲ್ಲಿ ಉಬುಂಟು."

"ಉಬ್ಬುಂಟಾ? ಎಲ್ಲಿ? ಡಾಕ್ಟ್ರಿಗೆ ತೋರಿಸಿದ್ರಾ?"

ಕಿವಿ ಮತ್ತೆ ಮಂದವಾಗಿತ್ತು.

ಈ ಲ್ಯಾಪ್‌ಟಾಪು ಮಗಳ ಕಾಲೇಜಿಗೆಂದು 2017ರಲ್ಲಿ ಕೊಂಡದ್ದು. ಅವಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಸಾಮಾನುಗಳಲ್ಲಿ ಇದೂ ಒಂದು. ಹಳೆಯ ಸೈಕಲ್ಲು ಮತ್ತು ನಾನು ಉಳಿದೆರಡು. ಅದರಲ್ಲಿದ್ದದ್ದು ವಿಂಡೋಸ್ 10. ಆ ಆವೃತ್ತಿಗೆ 2025ರ ಅಕ್ಟೋಬರ್ 14ರ ನಂತರ ಮಾಮೂಲಿ ಸುರಕ್ಷತಾ ತೇಪೆ ಬರುವುದಿಲ್ಲ, 11ಕ್ಕೆ ಏರಬೇಕು ಅಂತ ಪರದೆ ಆಗಾಗ ಎಚ್ಚರಿಸುತ್ತಿತ್ತು. ಏರಲು ಹೊರಟರೆ ಅರ್ಹತೆ ಇಲ್ಲ. ಇಂಟೆಲ್ ಪ್ರೊಸೆಸರ್ ಎಂಟನೇ ತಲೆಮಾರಿನದೋ ಆಮೇಲಿನದೋ ಇರಬೇಕಂತೆ, ನಮ್ಮದು ಏಳನೆಯದು. ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುವುದನ್ನು ಕೇಳಿದ್ದೆ. ಇಲ್ಲಿ ಎಂಟು ಕೇಳಿದರು, ಸಂಬಂಧ ಮುರಿದುಬಿತ್ತು.

ಹೊಸದು ಕೊಳ್ಳಬಹುದಿತ್ತು. ಆದರೆ ನಾನು ಬ್ಯಾಂಕಿನಲ್ಲಿ ಬೇರೆಯವರ ದುಡ್ಡು ಎಣಿಸಿ ನಿವೃತ್ತನಾದವನು. ನನ್ನ ದುಡ್ಡು ಎಣಿಸುವಾಗ ಕೈ ನಡುಗುತ್ತದೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ಹೇಳಿದ: "ಚಿಕ್ಕಪ್ಪ, ವಿಂಡೋಸ್ ಇದ್ದ ಹಾಗೇ ಇರ್ಲಿ. ಪಕ್ಕದಲ್ಲಿ ಲಿನಕ್ಸ್ ಹಾಕ್ಕೊಳ್ಳಿ. ಫ್ರೀ."

ಆ ಕೊನೆಯ ಒಂದಕ್ಷರ ನನ್ನ ಮನಸ್ಸಿನ ಬಾಗಿಲನ್ನು ದಡಾರನೆ ತೆರೆಯಿತು. ಅಲ್ಲದೆ ಲಿನಕ್ಸಿಗೂ ನನಗೂ ಹಳೆಯ ಬಾಕಿಯೊಂದಿತ್ತು. ಒಂದು ಕಾಲದಲ್ಲಿ, 2005ರಿಂದ 2011ರವರೆಗೆ, ಉಬುಂಟುವಿನವರು ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ನಾನೂ ತರಿಸಿಕೊಂಡಿದ್ದೆ. ಮನೆಯಲ್ಲಿ ಆಗ ಕಂಪ್ಯೂಟರೇ ಇರಲಿಲ್ಲ, ಅದು ಬೇರೆ ಮಾತು. ಸಿಡಿ ಹಿತ್ತಲ ಪೇರಲೆ ಮರದಲ್ಲಿ ನೇತಾಡುತ್ತಾ ಮೂರು ವರ್ಷ ಗಿಳಿಗಳನ್ನು ಓಡಿಸಿತು. ಮುಕ್ತ ತಂತ್ರಾಂಶಕ್ಕೆ ನಾನು ಸಲ್ಲಿಸಿದ ಸೇವೆ ಅಷ್ಟೇ.

ಮನೆಯಾಕೆಯನ್ನು ಒಪ್ಪಿಸಬೇಕಿತ್ತು. ಅವಳು ಬೀದಿಯ ಮಹಿಳಾ ಮಂಡಳಿಯ ಕಾರ್ಯದರ್ಶಿ. ಸಭೆಯ ನಡಾವಳಿಗಳನ್ನು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚಿಸುತ್ತಾಳೆ. ಹಪ್ಪಳ, ಸಂಡಿಗೆ, ಚೀಟಿಯ ಲೆಕ್ಕಗಳೆಲ್ಲ ಅದೇ ಲ್ಯಾಪ್‌ಟಾಪಿನಲ್ಲಿ. ನಾನು ಪ್ರೇಮದ ಮಾರ್ಗ ಹಿಡಿದೆ.

"ನೋಡು, ನಮ್ಮ ಮದುವೆ ಆದದ್ದು 1991. ಅದೇ ವರ್ಷ ಆಗಸ್ಟ್ 25ನೇ ತಾರೀಖು ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಅನ್ನೋ 21 ವರ್ಷದ ಹುಡುಗ ಲಿನಕ್ಸ್ ವಿಷಯ ಜಗತ್ತಿಗೆ ತಿಳಿಸಿದ. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂತು, ಅದರಲ್ಲಿ ನಮ್ಮ ಕನ್ನಡಕ್ಕೂ 128 ಮನೆ ಮೀಸಲಿಟ್ಟರು. ಮೂರಕ್ಕೂ ಒಂದೇ ವಯಸ್ಸು!"

"ಹೂಂ. ಆ ಎರಡಕ್ಕೆ ಈಗ ಎಷ್ಟನೇ ಆವೃತ್ತಿ?"

"ಅವು ಸುಧಾರಿಸ್ತಾ ಸುಧಾರಿಸ್ತಾ ಎಲ್ಲಿಗೋ ಹೋಗಿವೆ."

"ಅಲ್ವಾ? ಮೂರನೆಯದರಲ್ಲಿ ಒಂದು ಕಡೆಯವರು ಮಾತ್ರ ಮೊದಲನೇ ಆವೃತ್ತಿಯಲ್ಲೇ ಕೂತಿದ್ದಾರೆ" ಅಂದು ಒಳಗೆ ಹೋದಳು. ಅದನ್ನು ಒಪ್ಪಿಗೆ ಎಂದು ತಿಳಿದೆ. ಬಾಗಿಲಿನಿಂದಲೇ ಮತ್ತೆ ಕೇಳಿದಳು: "ನೀವು ಹಾಕ್ತಿರೋದರ ಹೆಸರೇನು?"

"ಉಬುಂಟು 24.04. ನೋಬಲ್ ನಂಬ್ಯಾಟ್ ಅಂತ ಅಡ್ಡಹೆಸರು. ಪ್ರತಿ ಆವೃತ್ತಿಗೂ ಒಂದು ಪ್ರಾಣಿಯ ಹೆಸರಿಡ್ತಾರೆ. ಇದು ಆಸ್ಟ್ರೇಲಿಯಾದ್ದು, ಗೆದ್ದಲು ತಿನ್ನುತ್ತೆ."

"ಹಾಗಾದ್ರೆ ಮೊದ್ಲು ನಿಮ್ಮ ಪುಸ್ತಕದ ಕಪಾಟಿಗೆ ಹಾಕಿ."

ಹಿಸ್ಸೆಯ ದಿನ ಮಾವನವರು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ನನ್ನ ಪಕ್ಕ ಕುರ್ಚಿ ಹಾಕಿಸಿಕೊಂಡರು. ನಿವೃತ್ತರಾಗಿ 30 ವರ್ಷದ ಮೇಲೆ ಸಿಕ್ಕ ಮೊದಲ ಕೇಸು.

"ಒಟ್ಟು ವಿಸ್ತೀರ್ಣ?"

"ಕೊಂಡಾಗ ಒಂದು ಟೆರಾಬೈಟ್ ಅಂದಿದ್ರು ಮಾವ. ಅಂದ್ರೆ 1000 ಜಿಬಿ. ಇಲ್ಲಿ ನೋಡಿದ್ರೆ 931 ತೋರಿಸ್ತಿದೆ."

ಇದಕ್ಕೆ ಕಾರಣ ನನಗೆ ಗೊತ್ತಿತ್ತು. ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಸೇರು ಅದೇ, ಪಾವು ಬೇರೆ. ವಿವರಿಸಲು ಬಾಯಿ ತೆರೆದೆ. ಮಾವನವರು ಕೈ ಎತ್ತಿ ತಡೆದರು.

"69 ಖರಾಬು" ಎಂದು ಬರೆದುಕೊಂಡರು. "ಎಲ್ಲ ಸರ್ವೆ ನಂಬರಿನಲ್ಲೂ ಇದ್ದದ್ದೇ. ಹಳ್ಳ, ಬಂಡೆ, ದಾರಿ ಹೋಗಿರುತ್ತೆ. ಮುಂದೆ?"

ಮುಂದೆ ನೋಡಿದರೆ, ನಾವು ಒಂದೇ ಅಂದುಕೊಂಡಿದ್ದ ಡಿಸ್ಕಿನಲ್ಲಿ ಆಗಲೇ ನಾಲ್ಕು ತುಂಡುಗಳಿದ್ದವು. ಮೊದಲಿಗೆ 100 ಎಂಬಿಯ ಒಂದು ಚೂರು: ಯಂತ್ರ ಎದ್ದೊಡನೆ ಹೊಕ್ಕು 'ಯಾರನ್ನು ಎಬ್ಬಿಸಲಿ' ಎಂದು ನೋಡುವ ಜಾಗ, ಎಲ್ಲರಿಗೂ ಸೇರಿದ್ದು. ಮಾವ ಅದಕ್ಕೆ 'ಸಾಮಾನ್ಯ ದಾರಿ' ಎಂದು ಬರೆದರು. ಆಮೇಲೆ 16 ಎಂಬಿಯ ಇನ್ನೊಂದು, ಯಾರೂ ಏನೂ ಇಡುವಂತಿಲ್ಲ, ತೆಗೆಯುವಂತೆಯೂ ಇಲ್ಲ. 'ದೇವರಕಾಡು'. ಬಳಿಕ ವಿಂಡೋಸಿನ ದೊಡ್ಡ ಹೊಲ. ಕೊನೆಯಲ್ಲಿ ರಿಕವರಿ ಎಂಬ ಪುಟ್ಟ ಕೋಣೆ, ಬಾಣಂತನಕ್ಕೆಂದು ಕಟ್ಟಿಸಿಟ್ಟದ್ದು. ಲಿನಕ್ಸ್ ಇವುಗಳನ್ನು ಎಸ್‌ಡಿಎ 1, ಎಸ್‌ಡಿಎ 2, ಎಸ್‌ಡಿಎ 3 ಎಂದು ಕರೆಯುತ್ತದೆ ಅಂತ ಹೇಳಿದಾಗ ಮಾವನವರ ಮುಖ ಅರಳಿತು. "ಆ ಹುಡುಗನಿಗೆ ಪೋಡಿ ಕೆಲಸ ಗೊತ್ತು. ಸರ್ವೆ ನಂಬರು ಒಂದೇ, ಹಿಸ್ಸಾ ನಂಬರು ಬೇರೆ ಬೇರೆ. ಹೆಲ್ಸಿಂಕಿ ಅಂದ್ರೆ ಯಾವ ತಾಲ್ಲೂಕು?"

ಪಾಲು ಎಷ್ಟೆಷ್ಟು ಎಂಬಲ್ಲಿ ಕೇಸು ಬಿಗಿಯಾಯಿತು. ನಾನು ಅರ್ಧರ್ಧ ಅಂದೆ. ಇವಳು ಸೌಟು ಹಿಡಿದೇ ಬಂದಳು.

"ಅಪ್ಪನ ಕಡೆ ತೋಟ ಪಾಲಾದಾಗ ಏನಂದ್ರಿ ಎಲ್ಲರೂ? ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಅದಕ್ಕೆ ಮೊದಲೇ ಮದುವೆ ಆದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸಲ್ಲ ಅಂದ್ರಿ. 2005ರಲ್ಲಿ ಕೇಂದ್ರದ ಕಾನೂನು ಬಂದು ಮಗಳೂ ಸಮ ಅನ್ನೋ ಹೊತ್ತಿಗೆ ತೋಟ ಹಂಚಿ ಮುಗಿದಿತ್ತು. ಈ ಸಲ ನನ್ನನ್ನ ಕೇಳದೆ ಕಲ್ಲು ನೆಡಬೇಡಿ."

ಮಾವನವರಿಗೆ ತಟ್ಟನೆ ಕಿವಿ ಪೂರ್ತಿ ಕೆಟ್ಟಿತು. ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ತಿದ್ದುವುದರಲ್ಲಿ ಮುಳುಗಿದರು. ಅವಳಿಗೆ 700, ನನಗೆ 231 ಎಂದು ತೀರ್ಮಾನವಾಯಿತು. ಚಕ್ಕುಬಂದಿಯನ್ನೂ ಬರೆಸಿದರು: ಹಿಸ್ಸಾ 5, ಪೂರ್ವಕ್ಕೆ ವಿಂಡೋಸು, ಪಶ್ಚಿಮಕ್ಕೆ ರಿಕವರಿ, ಉತ್ತರ ದಕ್ಷಿಣಕ್ಕೆ ಲ್ಯಾಪ್‌ಟಾಪಿನ ತಗಡು. ನಕ್ಷೆಯನ್ನು ಮೇಜಿನ ಮೇಲಿನ ಗೋಡೆಗೆ ಅಂಟಿಸಿದರು. ಆ ಗೋಡೆಯನ್ನು ನೆನಪಿಟ್ಟುಕೊಳ್ಳಿ.

ಅಂದು ಬೆಳಿಗ್ಗೆ ದೋಸೆಗೆ ಚಟ್ನಿ ಇರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ, ವೈರು ಕಿತ್ತರೆ ಉಸಿರೇ ನಿಲ್ಲುತ್ತದೆ. ಹೊರಗೆ ಶಿವಮೊಗ್ಗದ ಆಷಾಢದ ಮಳೆ. ಗಡಿ ಸರಿಸುತ್ತಿರುವಾಗ ಕರೆಂಟು ಹೋದರೆ ಎರಡೂ ಕಡೆಯವರ ಆಸ್ತಿ ಹೋಗುತ್ತದೆ ಅಂತ ಅಣ್ಣನ ಮಗ ಹೆದರಿಸಿದ್ದ. ಮಿಕ್ಸಿ ಹಾಕಿದರೆ ನಮ್ಮ ಮನೆಯ ಫ್ಯೂಸು ಹಾರುವುದುಂಟು. ಮೂರು ಗಂಟೆ ಮಿಕ್ಸಿ, ಇಸ್ತ್ರಿ, ಗೀಸರು ಎಲ್ಲಕ್ಕೂ ನಿಷೇಧಾಜ್ಞೆ. ಉಪ್ಪಿನಕಾಯಿಯಲ್ಲಿ ದೋಸೆ ತಿಂದ ಮಾವನವರು "ನಮ್ಮ ಕಾಲದಲ್ಲಿ ಪಾರ್ಟಿಷನ್ ದಿನ ಎರಡು ಪಾರ್ಟಿಯವರೂ ಹೋಳಿಗೆ ಹಾಕ್ತಿದ್ರು" ಎಂದು ನೆನೆಸಿಕೊಂಡರು.

ಸಂಜೆ ಹೊತ್ತಿಗೆ ಉಬುಂಟು ಬಂದು ಕೂತಿತು. ಪೆನ್‌ಡ್ರೈವಿನಿಂದ ಹೇಗೆ ಬಂತು, ಯಾವ ಗುಂಡಿ ಒತ್ತಿದೆ ಅಂತೆಲ್ಲ ವರ್ಣಿಸುವುದಿಲ್ಲ. ಒತ್ತಿಸಿದವನು ಅಣ್ಣನ ಮಗ, ನಾನು ಬೆರಳು ಮಾತ್ರ. ಆದರೆ ಮೊದಲ ಆದೇಶ ಕೊಟ್ಟದ್ದು ನಾನೇ. ಲಿನಕ್ಸಿನಲ್ಲಿ ಯಜಮಾನನ ಅಧಿಕಾರ ಚಲಾಯಿಸಬೇಕಾದರೆ ಮುಂದೆ 'ಸುಡೊ' ಎಂದು ಬರೆಯಬೇಕು.

"ಏನು ಸುಡಬೇಕಂತೆ?" ಅಂದಳು ಇವಳು.

"ಸುಡೋದಲ್ಲ. ಪಾಸ್‌ವರ್ಡ್ ಕೇಳ್ತಿದೆ."

ಒತ್ತಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ. ಬೇರೆ ಕಡೆಯಾದರೆ ಚುಕ್ಕಿಯೋ ನಕ್ಷತ್ರವೋ ಬೀಳುತ್ತದೆ. ಇಲ್ಲಿ ಎಷ್ಟಕ್ಷರ ಅನ್ನುವುದೂ ಪಕ್ಕದವರಿಗೆ ಗೊತ್ತಾಗಬಾರದೆಂದು ಏನನ್ನೂ ತೋರಿಸುವುದಿಲ್ಲ. ಅಷ್ಟು ಗುಟ್ಟು. ನನಗೆ ಅದು ತಿಳಿಯದೆ ಕೀಬೋರ್ಡೇ ಕೆಟ್ಟಿತೆಂದುಕೊಂಡು ಒಂದೊಂದೇ ಕೀಲಿಯನ್ನು ಗುದ್ದುತ್ತಾ, ಸರಿಯಾಗಿ ಒತ್ತುತ್ತಿದ್ದೇನೋ ಇಲ್ಲವೋ ಎಂದು ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿಕೊಂಡೆ. "ಒಂದು... ಮೂರು... ಸೊನ್ನೆ... ಐದು... ಒಂಬತ್ತು... ಒಂದು..."

"ಅದೇನು?"

"ನಮ್ಮ ಮದುವೆ ತಾರೀಖು. ಮೇ 13."

"ಮದುವೆ 12ಕ್ಕೆ. 13 ಬೀಗರೂಟ. ನಿಮಗೆ ಊಟದ ದಿನ ಒಂದೇ ನೆನಪಿರೋದು."

ಯಂತ್ರ ಮಾತ್ರ 13ನ್ನೇ ಒಪ್ಪಿಕೊಂಡಿತು. ಪಕ್ಕದವರಿಗೆ ತಿಳಿಯಬಾರದ ಆ ಗುಟ್ಟು ಆಚೆ ಬೀದಿಯ ತರಕಾರಿ ಗಾಡಿಯವನಿಗೂ ಕೇಳಿಸಿತ್ತು.

ಅಂದಿನಿಂದ ಲ್ಯಾಪ್‌ಟಾಪು ಎದ್ದ ಕೂಡಲೇ ಕಪ್ಪು ಪರದೆಯ ಮೇಲೆ ಪಟ್ಟಿ ಬರತೊಡಗಿತು. ಇದನ್ನು ತೋರಿಸುವವನ ಹೆಸರು ಗ್ರಬ್. ಭೌತವಿಜ್ಞಾನಿಗಳ ಮಹಾ ಏಕೀಕರಣ ಸಿದ್ಧಾಂತವನ್ನು ಅಣಕಿಸಿ 'ಗ್ರ್ಯಾಂಡ್ ಯೂನಿಫೈಡ್ ಬೂಟ್‌ಲೋಡರ್' ಅಂತ ಇಟ್ಟ ಹೆಸರಂತೆ. ಕೆಲಸ ದ್ವಾರಪಾಲಕನದು. ಉಬುಂಟು ಬೇಕೋ, ವಿಂಡೋಸ್ ಬೇಕೋ? ಹತ್ತು ಸೆಕೆಂಡು ಸಮಯ. ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತದೆ. ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಮಾಣಿ ಮೂರು ಸಲ ಬಂದು ಹೋಗುವವರೆಗೆ ಯೋಚಿಸುವ ನನಗೆ ಹತ್ತು ಸೆಕೆಂಡು ಎಲ್ಲಿ ಸಾಕು? ನಿರ್ಧಾರವಾಗುವುದರೊಳಗೆ ಅದೇ ಬೇಸತ್ತು ಉಬುಂಟುವಿಗೆ ಹೋಗಿಬಿಡುತ್ತಿತ್ತು.

ಉಬುಂಟುವಿಗೆ ಹೋಗಿ ಏನು ಮಾಡುತ್ತಿದ್ದೆ? ನಿಜ ಹೇಳಬೇಕೆಂದರೆ ಹಿನ್ನೆಲೆ ಚಿತ್ರ ಬದಲಾಯಿಸುತ್ತಿದ್ದೆ. ಜೋಗದ ಚಿತ್ರ ಹಾಕಿದೆ. ಸುಡೊ ಸುಡೊ ಎಂದು ಆದೇಶ ಕೊಟ್ಟು ಅಕ್ಷರಗಳು ಮಳೆಯಂತೆ ಸುರಿಯುವುದನ್ನು ನೋಡುತ್ತಿದ್ದೆ. ಯಾರಾದರೂ ಮನೆಗೆ ಬಂದರೆ ಪರದೆಯನ್ನು ಅವರತ್ತ ತಿರುಗಿಸಿ ಇಡುತ್ತಿದ್ದೆ. ಅವರು ಹೋದ ಮೇಲೆ ವಿಂಡೋಸಿಗೆ ಬಂದು ಇಸ್ಪೀಟು ಆಡುತ್ತಿದ್ದೆ. ಹೊಸ ಮನೆ ಕಟ್ಟಿಸಿ, ಗೃಹಪ್ರವೇಶ ಮಾಡಿ, ರಾತ್ರಿ ಮಲಗಲು ಹಳೆಯ ಬಾಡಿಗೆ ಮನೆಗೆ ಹೋದವನ ಕಥೆ.

ಹೋಗಿ ಬರುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಗಡಿಯಾರದ ತಂಟೆ ಶುರುವಾಯಿತು. ಲ್ಯಾಪ್‌ಟಾಪಿನ ಒಳಗಿರುವುದು ಒಂದೇ ಗಡಿಯಾರ. ವಿಂಡೋಸು ಅದನ್ನು ನೋಡಿ 'ಇದು ಊರಿನ ಸಮಯ' ಎಂದುಕೊಳ್ಳುತ್ತದೆ. ಲಿನಕ್ಸು ಅದನ್ನೇ ನೋಡಿ 'ಇದು ಗ್ರೀನಿಚ್ಚಿನ ಸಮಯ, ಭಾರತಕ್ಕೆ ಐದೂವರೆ ಗಂಟೆ ಕೂಡಿಸಬೇಕು' ಎಂದುಕೊಳ್ಳುತ್ತದೆ. ಹಾಗೆಯೇ ಮುಳ್ಳನ್ನೂ ತಿರುಗಿಸಿ ಇಡುತ್ತದೆ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಸರಿ. ಒಂದೇ ಗಡಿಯಾರವನ್ನು ಹಂಚಿಕೊಂಡಾಗ ಮಾತ್ರ ಒಬ್ಬ ಇನ್ನೊಬ್ಬನನ್ನು ಐದೂವರೆ ಗಂಟೆ ಹಿಂದಕ್ಕೆ ತಳ್ಳುತ್ತಾನೆ.

ಶ್ರಾವಣದ ಒಂದು ಶುಕ್ರವಾರ ಮಧ್ಯಾಹ್ನ ನಾನು ಉಬುಂಟುವಿನಲ್ಲಿ ಜೋಗ ತೆಗೆದು ಆಗುಂಬೆ ಹಾಕಿ ಎದ್ದಿದ್ದೆ. ನಾಲ್ಕು ಗಂಟೆಗೆ ನಮ್ಮ ನಡುಮನೆಯಲ್ಲೇ ಮಹಿಳಾ ಮಂಡಳಿಯ ಸಭೆ. ಇವಳು ವಿಂಡೋಸಿನಲ್ಲಿ ನಡಾವಳಿ ತೆರೆದಳು. ಸಭೆ ಶುರುವಾದ ಹೊತ್ತು, ಮುಗಿದ ಹೊತ್ತು ತಾನಾಗಿ ಬೀಳುವಂತೆ ಮಾಡಿಟ್ಟಿದ್ದಳು, ಅಷ್ಟು ಅಚ್ಚುಕಟ್ಟು. ನಾಲ್ಕಕ್ಕೆ ಶುರುವಾಗಿ ಐದೂವರೆಗೆ ಮುಗಿಯಿತು. ಪ್ರತಿ ತೆಗೆದು ಎಲ್ಲರಿಗೂ ಹಂಚಿದಳು.

ಮಾರನೆಯ ಬೆಳಿಗ್ಗೆ ಖಜಾಂಚಿಯವರು ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡಿದರು. "ಏನ್ರೀ ಇದು? ಶುಕ್ರವಾರ ಹತ್ತೂವರೆಗೆ ಶುರು, ಹನ್ನೆರಡಕ್ಕೆ ಮುಕ್ತಾಯ ಅಂತ ಹಾಕಿದ್ದೀರಲ್ಲ. ಸರಿಯಾಗಿ ರಾಹುಕಾಲ! ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿ ಇಲ್ಲ. ಹಪ್ಪಳದ ಹೊಸ ಮಿಷನ್ನು ತಗೊಳ್ಳೋ ನಿರ್ಣಯ ರಾಹುಕಾಲದಲ್ಲಿ ಮಾಡಿದ್ವು ಅಂತ ಬರೆದಿಡೋದಾ?"

ನಾನು ನಡುವೆ ಬಾಯಿ ಹಾಕಿದೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಗ್ರೀನಿಚ್ ಸೊನ್ನೆ ಡಿಗ್ರಿ, ಹೀಗಾಗಿ ಐದೂವರೆ ಗಂಟೆ ಎಂದು ವಿವರಿಸಿದೆ. ನಿಮ್ಮ ರಾಹುಕಾಲ ವಾಸ್ತವವಾಗಿ ಲಂಡನ್ನಿನ ಬೆಳಗಿನ ಹೊತ್ತು ಎಂದೂ ಸೇರಿಸಿದೆ. ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಜಗಲಿಯಿಂದ ಮಾವನವರು "ಅವರು ಹೋಗಿ 78 ವರ್ಷ ಆಯ್ತಲ್ಲ, ಗಡಿಯಾರ ಯಾಕೆ ಬಿಟ್ಟುಹೋದ್ರು?" ಅಂದರು. ನಿರ್ಣಯವನ್ನು ಮುಂದಿನ ಸಭೆಯಲ್ಲಿ ಹೊಸದಾಗಿ ಮಂಡಿಸಬೇಕಾಯಿತು. ಲಿನಕ್ಸಿಗೂ ಊರಿನ ಸಮಯವನ್ನೇ ಹಿಡಿ ಎಂದು ಹೇಳುವ ಒಂದು ಸಾಲಿನ ಆದೇಶವಿದೆ. ಅದನ್ನು ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಅಂತ ನಾನು ಗಣೇಶನ ಹಬ್ಬದವರೆಗೆ ತಳ್ಳಿದೆ.

"ರೀ, ನಿಮ್ಮ ಆ ಕಡೆ ಗಡಿಯಾರ ಸರಿ ಇರುತ್ತಾ?" ಎಂದು ಆ ದಿನಗಳಲ್ಲಿ ಒಮ್ಮೆ ಕೇಳಿದ್ದಳು. "ಇಂಟರ್ನೆಟ್ ನೋಡಿ ಸರಿಮಾಡ್ಕೊಳ್ಳುತ್ತೆ, ನಮ್ಮ ಲಿನಕ್ಸು" ಎಂದು ಬೀಗಿದ್ದೆ. ಇನ್ನೊಂದು ಸಲ "ಅಲ್ಲಿ ಕನ್ನಡ ಹೇಗೆ ಹೊಡೆಯೋದು?" ಅಂದಳು. ನುಡಿಯಲ್ಲಿರುವ ಕಗಪ ಕೀಲಿಮಣೆಯೇ ಅಲ್ಲಿಯೂ ಇದೆ, ಕೆ.ಪಿ. ರಾವ್ ಅವರ ವಿನ್ಯಾಸದ ಜಾಡಿನದು, ಬೆರಳಿಗೆ ಹೊಸ ಪಾಠ ಬೇಡ ಎಂದು ತೋರಿಸಿಕೊಟ್ಟೆ. ಅಕ್ಷರಗಳ ರೂಪಕ್ಕೆ ಗುಬ್ಬಿ, ನವಿಲು ಎಂಬ ಫಾಂಟುಗಳಿವೆ ಎಂದಾಗ "ಅದಾದ್ರೂ ಹೆಸರು" ಅಂದಳು. ನನ್ನ ಜ್ಞಾನಕ್ಕೆ ಮೆಚ್ಚಿ ಕೇಳುತ್ತಿದ್ದಾಳೆಂದು ನಾನು ತಿಳಿದಿದ್ದೆ.

ಕನ್ನಡದ ವಿಷಯದಲ್ಲಿ ಪೆಟ್ಟು ತಿಂದದ್ದು ನಾನು. ಬ್ಯಾಂಕಿನ ಕನ್ನಡ ಸಂಘಕ್ಕೆ 20 ವರ್ಷ ಬರೆದ ಭಾಷಣ, ನಾಟಕಗಳ ಫೈಲುಗಳನ್ನು ಒಂದು ದಿನ ಉಬುಂಟುವಿನಲ್ಲಿ ತೆರೆದೆ. 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೀರಿರುವ 'ಎ', ಆಮೇಲೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ! ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು. ಆ ಫಾಂಟು ಇಲ್ಲದ ಊರಿಗೆ ಹೋದರೆ ವೇಷ ಕಳಚಿ ಒಳಗಿನ ದೊರೆಗಳು ಕಾಣುತ್ತಾರೆ. ರಾಜ್ಯೋತ್ಸವದ ಭಾಷಣದ ತುಂಬ ಪೌಂಡುಗಳು. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳಿವೆ, ಮಾಡಬಹುದಿತ್ತು. ಅದರಲ್ಲಿ ಒಂದು ನಾಟಕವನ್ನು ವಿಂಡೋಸಿನಲ್ಲಿ ತೆರೆದು ಓದಿದೆ. ಪೌಂಡೇ ವಾಸಿ ಅನ್ನಿಸಿತು.

ಇನ್ನೊಂದು ಬೀಗದ ವಿಷಯ. ಉಬುಂಟುವಿನಿಂದ ವಿಂಡೋಸಿನ ಹೊಲ ಕಾಣುತ್ತದೆ, ಫೈಲುಗಳನ್ನು ಓದಬಹುದು. ಬರೆಯಲು ಹೋದರೆ ಮಾತ್ರ ಆಗುವುದಿಲ್ಲ ಅನ್ನುತ್ತಿತ್ತು. ವಿಂಡೋಸಿನಲ್ಲಿ 'ಫಾಸ್ಟ್ ಸ್ಟಾರ್ಟಪ್' ಅಂತ ಒಂದು ಏರ್ಪಾಡು. ಮುಚ್ಚು ಅಂದರೆ ಅದು ಪೂರ್ತಿ ಮುಚ್ಚುವುದಿಲ್ಲ. ಬೆಳಿಗ್ಗೆ ಬೇಗ ಏಳಲೆಂದು ಅರೆನಿದ್ದೆಯಲ್ಲಿ ಮಲಗುತ್ತದೆ. ಮಲಗಿದವರ ಕೋಣೆಯಲ್ಲಿ ಸಾಮಾನು ಸರಿಸಬಾರದೆಂದು ಲಿನಕ್ಸು ಮರ್ಯಾದೆಗೆ ಕಿಟಕಿಯಿಂದಷ್ಟೇ ನೋಡುತ್ತದೆ. ಆ ಏರ್ಪಾಡನ್ನು ತೆಗೆಯಬಹುದು. ನಾನು ತೆಗೆಯಲಿಲ್ಲ. ಬೇಕಾದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಆಚೆ ಈಚೆ ಓಡಾಡುವುದು ಮನೆಯಲ್ಲಿ ರೂಢಿಯಾಯಿತು. ನನಗಲ್ಲ, ನನ್ನ ಹತ್ತಿರ ಒಯ್ಯುವಂಥದ್ದು ಏನಿತ್ತು?

ಭಾದ್ರಪದದ ಹೊತ್ತಿಗೆ ನಾನು ಉಬುಂಟುವಿಗೆ ಹೋಗುವುದೇ ಕಮ್ಮಿಯಾಯಿತು. ಒಮ್ಮೆ ಹೋದಾಗ ಆಗುಂಬೆಯ ಜಾಗದಲ್ಲಿ ಸೇವಂತಿಗೆ ದಂಡೆಯ ಚಿತ್ರವಿತ್ತು. ತಾನಾಗಿಯೇ ಚಿತ್ರ ಬದಲಾಯಿಸುವಷ್ಟು ಮುಂದುವರಿದಿದೆಯಲ್ಲ ಎಂದು ಅಭಿಮಾನಪಟ್ಟು ಎದ್ದು ಬಂದೆ.

ಸೆಪ್ಟೆಂಬರ್ 30. ಮಾರನೆಯ ದಿನ ಆಯುಧಪೂಜೆ. ಮನೆಯಲ್ಲಿ ಎಲ್ಲರ ಕೈಯಲ್ಲೂ ಪೊರಕೆ. ಸ್ಕೂಟರು ತೊಳೆದೆ, ಈಳಿಗೆಮಣೆಗೆ ಹುಣಸೆಹಣ್ಣು ಹಚ್ಚಿದೆ. "ಆ ಲ್ಯಾಪ್‌ಟಾಪನ್ನೂ ಒಂದಿಷ್ಟು ಕ್ಲೀನ್ ಮಾಡಿ" ಎಂದು ಅಡುಗೆಮನೆಯಿಂದ ಅಪ್ಪಣೆಯಾಯಿತು. ಬಟ್ಟೆಯಲ್ಲಿ ಒರೆಸು ಅಂತ ಅದರ ಅರ್ಥ. ನಾನು ಒಳಗಿನಿಂದ ಶುದ್ಧಮಾಡಲು ಕೂತೆ.

ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಸಿ ಎಂಬ ಹೊಲದ ಪಕ್ಕದಲ್ಲಿ ಒಂದು ದೊಡ್ಡ ಜಾಗ ಬಿದ್ದಿತ್ತು. ಹೆಸರಿಲ್ಲ, ಅಕ್ಷರವಿಲ್ಲ. ಲಿನಕ್ಸು ಜಮೀನು ಹಸನು ಮಾಡುವ ಕ್ರಮ ವಿಂಡೋಸಿಗೆ ಅರ್ಥವಾಗುವುದಿಲ್ಲ, ಅದರ ಕಣ್ಣಿಗೆ ಅದು ಬರಿಯ ಬೀಳು. ಆ ಹೊತ್ತಿನಲ್ಲಿ ನನ್ನ ಕಣ್ಣಿಗೂ. 231 ಜಿಬಿ ಸುಮ್ಮನೆ ಬಿದ್ದಿದೆ! ಇವಳು ಜಾಗ ಸಾಲದು ಅನ್ನುತ್ತಿದ್ದಳಲ್ಲ, ಹಬ್ಬಕ್ಕೆ ಉಡುಗೊರೆ ಕೊಟ್ಟ ಹಾಗಾಯಿತು. 'ಡಿಲೀಟ್ ವಾಲ್ಯೂಮ್' ಒತ್ತಿದೆ. ನಿಜವಾಗಿಯೂ? ಎಂದು ಕೇಳಿತು. 32 ವರ್ಷ ಇನ್ನೊಬ್ಬರ ಚೆಕ್ಕಿನ ಮೇಲೆ ಸೀಲು ಹೊಡೆದ ಕೈ, ಅನುಮಾನಪಡಲಿಲ್ಲ. ಬೇಲಿ ಕಿತ್ತು ಸಿ ಹೊಲಕ್ಕೆ ಸೇರಿಸಿದೆ. ತಲೆಯ ಮೇಲಿನ ಗೋಡೆಯಲ್ಲಿ ಮಾವನವರ ನಕ್ಷೆ, ಅದರಲ್ಲಿ ಪೆನ್ಸಿಲಿನಲ್ಲಿ 'ಹಿಸ್ಸಾ 5: 231' ಎಂದು ಮುತ್ತಿನಂಥ ಅಕ್ಷರ. ತಲೆ ಎತ್ತಿದ್ದರೆ ಸಾಕಿತ್ತು.

ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಈಳಿಗೆಮಣೆಗೂ ಸ್ಕೂಟರಿನ ಕೀಲಿಗೂ ನಡುವೆ ಕೂರಿಸಿ, ಮಂಗಳಾರತಿಗೆ ಕಳೆ ಬರಲೆಂದು ಗುಂಡಿ ಒತ್ತಿದೆ. ಪಟ್ಟಿ ಬರಲಿಲ್ಲ. ಕಪ್ಪು ಪರದೆ. ಮೂಲೆಯಲ್ಲಿ 'ಗ್ರಬ್' ಎಂದು ಹೆಸರು, ಪಕ್ಕದಲ್ಲಿ ಒಂದು ಬಾಣದ ಮೊನೆ, ಮಿಣಕ್ ಮಿಣಕ್ ಎನ್ನುವ ಗೀಟು. ದ್ವಾರಪಾಲಕ ಬಾಗಿಲಲ್ಲೇ ಇದ್ದ. ಅವನ ಪಟ್ಟಿ, ದೀಪ, ಚಾಪೆ ಎಲ್ಲ ಇದ್ದದ್ದು ನಾನು ಕೆಡವಿದ ಮನೆಯಲ್ಲಿ. ಈಗ ಅವನು 'ಏನು ಮಾಡಲಿ ಹೇಳಿ' ಎಂದು ನನ್ನನ್ನೇ ಕೇಳುತ್ತಿದ್ದ. ಮಾವನವರು ಗಂಟೆ ಬಾರಿಸುತ್ತಲೇ ಇದ್ದರು.

ಎಲ್ಲವೂ ಹೊಳೆದದ್ದು ಆಗ. ಊದುಬತ್ತಿಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ತಪ್ಪೊಪ್ಪಿಕೊಂಡೆ. "ಹೋಗ್ಲಿ ಬಿಡು, ಹೋದದ್ದು ನನ್ನ ಪಾಲು ತಾನೇ."

ಇವಳು ಆರತಿ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ನಿಮ್ಮ ಪಾಲಿನಲ್ಲಿ ನಿಮ್ಮದೇನಿತ್ತು? ಎರಡು ತಿಂಗಳಿಂದ ಮಂಡಳಿ ಲೆಕ್ಕ ಎಲ್ಲ ನಾನು ಅಲ್ಲೇ ಬರೀತಿರೋದು. ನೀವು ಮಧ್ಯಾಹ್ನ ಮಲಗ್ತೀರಲ್ಲ, ಆವಾಗ. ಗಡಿಯಾರ ಸರಿ ಇರುತ್ತೆ, ಗುಬ್ಬಿ ಅಕ್ಷರ ಚೆನ್ನಾಗಿದೆ, ಮಧ್ಯೆ ಮಧ್ಯೆ ಹನ್ನೊಂದಕ್ಕೆ ಏರಿ ಅಂತ ಪೀಡಿಸಲ್ಲ."

"ಪಾಸ್‌ವರ್ಡು?"

"ಬೀಗರೂಟ."

ನನ್ನ ಕಾಲು ಕುಸಿಯಿತು. ರಾಹುಕಾಲದ ನಿರ್ಣಯದಿಂದ ಹಿಡಿದು 42 ಮನೆಗಳ ಸಂಡಿಗೆ ಬಾಕಿಯವರೆಗೆ ಎಲ್ಲವನ್ನೂ ಬೀಳು ಎಂದು ಅಗೆದು ಹಾಕಿದ್ದೆ. ಇವಳು ಮಾತಾಡದೆ ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿ ತಂದು, ಅದರೊಳಗಿಂದ ಪೆನ್‌ಡ್ರೈವು ತೆಗೆದು ಸೆರಗಿನಲ್ಲಿ ಒರೆಸಿದಳು. "ದಿನಾ ಸಂಜೆ ಇದಕ್ಕೆ ಹಾಕಿಡ್ತೀನಿ. ನೀವಿರೋ ಮನೆಯಲ್ಲಿ ಹಾಕಿಡ್ಬೇಕಾಗುತ್ತೆ." ಆಮೇಲೆ ಗ್ಯಾಸಿನ ಪುಸ್ತಕದ ಹಿಂಬದಿ ತಿರುವಿ, ಅಣ್ಣನ ಮಗ ಎಂದೋ ಹೇಳಿದ್ದನ್ನು ಬರೆದುಕೊಂಡದ್ದು ನೋಡಿ, ಲ್ಯಾಪ್‌ಟಾಪನ್ನು ಮುಚ್ಚಿ ತೆರೆದು ಎಫ್ 12 ಒತ್ತಿದಳು. ಬಂದ ಪಟ್ಟಿಯಲ್ಲಿ ವಿಂಡೋಸನ್ನು ಆರಿಸಿದಳು. ಅದು ಅರೆನಿದ್ದೆಯಿಂದ ಎದ್ದು, ಏನೂ ಆಗದವರ ಹಾಗೆ ಕೂತಿತು.

ಮಾವನವರು ನಕ್ಷೆಯ ಕೆಳಗೆ ಪೆನ್ಸಿಲಿನಲ್ಲಿ 'ಹಿಸ್ಸಾ 5: ಒತ್ತುವರಿ, ಸ್ವಂತ ಮಾಲೀಕನಿಂದಲೇ' ಎಂದು ಷರಾ ಬರೆದು ರುಜು ಹಾಕಿದರು. 36 ವರ್ಷದಲ್ಲಿ ಇಂಥ ಕೇಸು ನೋಡಿರಲಿಲ್ಲವಂತೆ.

ದೀಪಾವಳಿಗೆ ಅಣ್ಣನ ಮಗ ಬಂದ. ಮತ್ತೆ ಮಿಕ್ಸಿ ಬಂದ್, ಮತ್ತೆ ಗಡಿ ಕಲ್ಲು. ಈ ಸಲ ಗಡಿಯಾರದ ಆದೇಶವನ್ನೂ ಫಾಸ್ಟ್ ಸ್ಟಾರ್ಟಪ್ಪನ್ನೂ ಅವನೇ ಎರಡು ನಿಮಿಷದಲ್ಲಿ ಸರಿಮಾಡಿದ. ಯಜಮಾನರ ಹೆಸರು ಏನು ಹಾಕಲಿ ಎಂದು ಉಬುಂಟು ಕೇಳಿದಾಗ ನಾನು ಗಂಟಲು ಸರಿಮಾಡಿಕೊಂಡೆ. ಅವನು "ಚಿಕ್ಕಮ್ಮಾ, ಬನ್ನಿ" ಎಂದು ಕರೆದ. ಅವಳು ಬಂದು ತನ್ನ ಹೆಸರು ಹೊಡೆದು, ಪಾಸ್‌ವರ್ಡನ್ನು ಬಾಯಿ ಬಿಡದೆ ಹೊಡೆದು ಹೋದಳು. ನನಗೂ ಒಂದು ಖಾತೆ ತೆರೆದುಕೊಟ್ಟಿದ್ದಾರೆ. ಸಾಮಾನ್ಯ ಸದಸ್ಯ. ಹಿನ್ನೆಲೆ ಚಿತ್ರ ಬದಲಾಯಿಸಬಹುದು, ಇಸ್ಪೀಟು ಆಡಬಹುದು.

ನಿನ್ನೆ ಮಧ್ಯಾಹ್ನ ಮನೆ ಸದ್ದಿಲ್ಲದೆ ಇತ್ತು. ನನ್ನ ಖಾತೆಗೆ ಹೋಗಿ, ಹಳೆಯ ಚಪಲಕ್ಕೆ, ಮೆಲ್ಲಗೆ 'ಸುಡೊ' ಎಂದು ಬರೆದು ಪಾಸ್‌ವರ್ಡ್ ಹೊಡೆದೆ. ಒಂದು ಗಳಿಗೆ ಯೋಚಿಸಿ ಪರದೆ ಉತ್ತರ ಕೊಟ್ಟಿತು: ಅಧಿಕಾರ ಉಳ್ಳವರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಈ ಘಟನೆಯನ್ನು ಮೇಲಿನವರಿಗೆ ವರದಿ ಮಾಡಲಾಗಿದೆ.

"ರೀ," ಎಂದು ಅಡುಗೆಮನೆಯಿಂದ ದನಿ ಬಂತು, "ಏನು ಮಾಡ್ತಿದ್ದೀರಿ ಅಲ್ಲಿ?"